ತಾರಸಿಯ ಸೇವಂತಿಗೆ ಮೊಗ್ಗೇ ಬಿಡುತ್ತಿಲ್ಲ, ಊರಲ್ಲಿ ಅದೇ ಗಿಡ ಹೂವಾಗಿದೆ. ಯಾಕೆ?

ತಾರಸಿ ಸೇವಂತಿ, ಬೆಂಗಳೂರು (ಡಿಸೆಂಬರ್ 2)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ವಿಜಯನಗರದಲ್ಲಿ. ಮೊದಲ ಮಹಡಿಯ ಮೇಲೆ ತಾರಸಿ. ಅಲ್ಲಿ ಹಳದಿ ಸೇವಂತಿಗೆಯ ಏಳು ಕುಂಡ ಇಟ್ಟಿದ್ದೇನೆ. ಇದು ನರ್ಸರಿಯಿಂದ ತಂದ ಗಿಡ ಅಲ್ಲ. ದೊಡ್ಡಬಳ್ಳಾಪುರದ ಹತ್ತಿರ ನನ್ನ ತವರು. ಅಲ್ಲಿ ಹಿತ್ತಲ ಬಾವಿಯ ಪಕ್ಕ ಅಮ್ಮ ಬೆಳೆಸಿದ ಗಿಡ, ನಾನು ಶಾಲೆಗೆ ಹೋಗುವ ಕಾಲದಿಂದ ಇದೆ. ಪ್ರತಿ ವರ್ಷ ಹೂವು ಮುಗಿದ ಮೇಲೆ ಬುಡದಲ್ಲಿ ಮರಿ ಏಳುತ್ತವೆ. ಮಳೆ ಶುರುವಾದಾಗ ಅಮ್ಮ ಅವನ್ನು ಕಿತ್ತು ಒದ್ದೆ ಗೋಣಿತುಂಡಿನಲ್ಲಿ ಸುತ್ತಿ ಕೊಡುತ್ತಾರೆ. ನಾನು ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬರುತ್ತೇನೆ.

ಒಂಬತ್ತು ವರ್ಷದಿಂದ ಹೀಗೇ ನಡೆದಿದೆ. ಅಮ್ಮನ ಗಿಡ ದೀಪಾವಳಿ ಹೊತ್ತಿಗೆ ಹೂವಾದರೆ ನನ್ನದು ಒಂದು ವಾರ ಹಿಂದೆ ಮುಂದೆ. ಈ ವರ್ಷ ಅಮ್ಮನ ಗಿಡದಲ್ಲಿ ಎಲೆ ಕಾಣದಷ್ಟು ಹೂವು. ನನ್ನ ಗಿಡದಲ್ಲಿ ಒಂದು ಮೊಗ್ಗೂ ಇಲ್ಲ. ಗಿಡಕ್ಕೆ ರೋಗ ಇಲ್ಲ, ಹುಳ ಇಲ್ಲ. ಸೊಂಪಾಗಿ ಎರಡಡಿ ಮೇಲೆ ಬೆಳೆದಿದೆ. ಬರೀ ಎಲೆ, ಎಲೆ.

ಒಂದೇ ಒಂದು ಕುಂಡ ಹೂವಾಗಿದೆ. ಅದು ನೀರಿನ ಟ್ಯಾಂಕಿನ ಹಿಂದೆ ಇದೆ. ಟ್ಯಾಂಕ್ ತುಂಬಿದಾಗ ಅಲ್ಲಿ ನೀರು ತೊಟ್ಟಿಕ್ಕುತ್ತದೆ. ಹಾಗಾಗಿ ಉಳಿದವಕ್ಕೆ ನೀರು ಸಾಲದೇನೋ ಅಂದುಕೊಂಡು ದಿನಕ್ಕೆ ಎರಡು ಸಲ ಹಾಕಿದೆ. ಏನೂ ಆಗಲಿಲ್ಲ.

ಮಣ್ಣು ಅದೇ, ಕುಂಡ ಅದೇ, ಹಟ್ಟಿಗೊಬ್ಬರವೂ ತವರಿನದೇ. ಬದಲಾದದ್ದು ಒಂದೇ. ಆಗಸ್ಟ್‌ನಲ್ಲಿ ತಂತಿಗೆ ತಾಗುತ್ತದೆ ಅಂತ ಮನೆ ಮುಂದಿನ ಹೊಂಗೆ ಮರದ ದೊಡ್ಡ ಕೊಂಬೆಗಳನ್ನು ಕಡಿದರು. ನನಗೆ ತುಂಬಾ ಸಂಕಟ ಆಯಿತು. ಆದರೆ ಅದರಿಂದ ತಾರಸಿಗೆ ಬಿಸಿಲು ಜಾಸ್ತಿ ಬೀಳುತ್ತಿದೆ. ಬಿಸಿಲು ಜಾಸ್ತಿ ಆದರೆ ಹೂವೂ ಜಾಸ್ತಿ ಆಗಬೇಕಲ್ವಾ? ಅಥವಾ ಪೇಟೆಯ ಸೆಕೆಗೆ ಹೀಗಾಗುತ್ತಿದೆಯಾ?

ಅಮ್ಮನಿಗೆ ಈಗ 78 ವರ್ಷ. ಆ ಗಿಡದ ಹೂವು ನನ್ನ ಮನೆ ದೇವರ ಮುಂದೆ ಇರಬೇಕು ಅನ್ನುವುದು ನನಗೆ ದೊಡ್ಡ ವಿಷಯ. ಗೊತ್ತಿದ್ದವರು ಹೇಳಿ.

ಕುಂಡದ ಮಣ್ಣು, ತುಮಕೂರು

ಮೇಡಂ, ಎಲೆ ಸೊಂಪಾಗಿ ಬಂದು ಹೂವು ಇಲ್ಲ ಅಂದರೆ ಸಾಮಾನ್ಯವಾಗಿ ಸಾರಜನಕ ಜಾಸ್ತಿ ಆಗಿರುತ್ತದೆ. ಹಟ್ಟಿಗೊಬ್ಬರ ಎಷ್ಟು ಹಾಕಿದಿರಿ? ಯೂರಿಯಾ ಏನಾದರೂ? ಎರಡು ವಾರ ಗೊಬ್ಬರ ನಿಲ್ಲಿಸಿ, ಸ್ವಲ್ಪ ಬೂದಿ ಹಾಕಿ ನೋಡಿ.

ತಾರಸಿ ಸೇವಂತಿ

ಯೂರಿಯಾ ಮುಟ್ಟಿಲ್ಲ ಸರ್. ಒಂದೇ ರಾಶಿಯಿಂದ ಏಳೂ ಕುಂಡಕ್ಕೆ ಎರಡೆರಡು ಹಿಡಿ ಗೊಬ್ಬರ ಹಾಕಿದ್ದು. ಟ್ಯಾಂಕಿನ ಹಿಂದಿನ ಕುಂಡಕ್ಕೂ ಅಷ್ಟೇ. ಅದು ಹೂವಾಗಿದೆಯಲ್ಲ?

ಹೂವಿನ ಹೊಲ, ಚಿಕ್ಕಬಳ್ಳಾಪುರ

ಅಕ್ಕ, ಒಂದು ಕೆಲಸ ಮಾಡಿ. ಇವತ್ತು ರಾತ್ರಿ 10 ಗಂಟೆಗೆ ತಾರಸಿಗೆ ಹೋಗಿ ಕುಂಡಗಳ ಪಕ್ಕ ನಿಂತುಕೊಳ್ಳಿ. ನಿಮ್ಮ ನೆರಳು ಗಿಡದ ಮೇಲೆ ಬೀಳುತ್ತದಾ ನೋಡಿ. ಆಮೇಲೆ ಟ್ಯಾಂಕಿನ ಹಿಂದೆಯೂ ನಿಂತು ನೋಡಿ. ಏನು ಕಂಡಿತು ಅಂತ ಬರೆಯಿರಿ, ಉಳಿದದ್ದು ಆಮೇಲೆ ಹೇಳುತ್ತೇನೆ.

ತಾರಸಿ ಸೇವಂತಿ

ಅಣ್ಣ, ಈಗ ತಾನೇ ಇಳಿದು ಬಂದೆ. ನೆರಳು ಬೀಳುತ್ತದೆ, ಅದೂ ಗಾಢವಾಗಿ. ಬೀದಿದೀಪ ನೇರ ತಾರಸಿಗೆ ಹೊಡೆಯುತ್ತಿದೆ. ಮೊದಲು ಅದು ಹೊಂಗೆಯ ಎಲೆಗಳ ಹಿಂದೆ ಇತ್ತು, ಅಲ್ಲಿ ದೀಪ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಕೊಂಬೆ ಹೋದ ಮೇಲೆ ಬಯಲಾಗಿದೆ. ಕುಂಡದ ಪಕ್ಕ ನಿಂತು ಗೊಬ್ಬರದ ಚೀಲದ ಮೇಲಿನ ದಪ್ಪ ಅಕ್ಷರ ಓದಿದೆ. ಟ್ಯಾಂಕಿನ ಹಿಂದೆ ಕತ್ತಲೆ, ಕಾಲಿಗೆ ಪೈಪು ತಾಗಿ ಮುಗ್ಗರಿಸಿದೆ. ಇದಕ್ಕೂ ಮೊಗ್ಗಿಗೂ ಸಂಬಂಧ ಇದೆಯಾ?

ಹೂವಿನ ಹೊಲ

ಇದೆ ಅಕ್ಕ. ಅದೇ ಸಂಬಂಧ.

ನಾವು ಒಂದು ಎಕರೆಯಲ್ಲಿ ಸೇವಂತಿಗೆ ಹಾಕುತ್ತೇವೆ. ರಾತ್ರಿ ನಮ್ಮ ಕಡೆ ಬಂದರೆ ಹೊಲದ ತುಂಬ ಬಲ್ಬ್ ಉರಿಯುವುದು ಕಾಣುತ್ತದೆ. ದಾರಿಯಲ್ಲಿ ಹೋಗುವವರು ಜಾತ್ರೆ ಅಂದುಕೊಳ್ಳುತ್ತಾರೆ. ಆ ಬಲ್ಬ್ ಹಾಕುವುದು ಗಿಡ ಹೂವು ಬಿಡದಿರಲಿ ಅಂತ.

ಸೇವಂತಿಗೆಗೆ ರಾತ್ರಿ ಉದ್ದ ಆಯಿತು ಅಂತ ತಿಳಿದರೆ ಮೊಗ್ಗು ಕಟ್ಟುತ್ತದೆ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಬಂದರೆ ನಮಗೆ ನಷ್ಟ. ನಾಲ್ಕು ಹೂವು ಬಿಟ್ಟು ಸುಮ್ಮನಾಗುತ್ತದೆ. ಅದಕ್ಕೆ ನಾಟಿ ಮಾಡಿದ ಮೇಲೆ ಒಂದು ತಿಂಗಳಿನಷ್ಟು ರಾತ್ರಿ ಬಲ್ಬ್ ಹಾಕುತ್ತೇವೆ. ಗಿಡ ಕವಲೊಡೆದು ಪೊದೆಯಾದ ಮೇಲೆ ಆರಿಸುತ್ತೇವೆ. ಆರಿಸಿದ ದಿನದಿಂದ ಸುಮಾರು ಎರಡು ತಿಂಗಳಿಗೆ ಹೂವು ಕೀಳಲು ಸಿಗುತ್ತದೆ. ಹಬ್ಬ ಯಾವತ್ತು ಅಂತ ನೋಡಿ, ಹಿಂದಕ್ಕೆ ಎಣಿಸಿ ಬಲ್ಬ್ ಆರಿಸುವ ದಿನ ಗೊತ್ತು ಮಾಡುತ್ತೇವೆ.

ನಿಮ್ಮ ಬೀದಿಯ ದೀಪ ಆಗಸ್ಟ್‌ನಿಂದ ಅದೇ ಕೆಲಸ ಮಾಡುತ್ತಿದೆ. ವ್ಯತ್ಯಾಸ ಇಷ್ಟೇ, ನಾವು ಒಂದು ದಿನ ಆರಿಸುತ್ತೇವೆ, ಅದು ಆರುವುದೇ ಇಲ್ಲ. ನಿಮ್ಮ ಗಿಡಕ್ಕೆ ಇನ್ನೂ ಆಷಾಢವೇ ಮುಗಿದಿಲ್ಲ.

ಗಿಡ ಕೆಟ್ಟಿಲ್ಲ ಅಕ್ಕ, ಚಿಂತೆ ಮಾಡಬೇಡಿ. ಅಮ್ಮನ ತಳಿ ಒಳ್ಳೆಯ ತಳಿ, ಬಿಡಬೇಡಿ. ಮೂರು ಕುಂಡಕ್ಕೆ ಸಂಜೆ 6ಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ, ಬೆಳಗ್ಗೆ 6.30ಕ್ಕೆ ತೆಗೆಯಿರಿ. ಪೆಟ್ಟಿಗೆಯಲ್ಲಿ ಬಿರುಕು ಇದ್ದರೆ ಕಪ್ಪು ಬಟ್ಟೆ ಹೊದಿಸಿ. ಬೆಳಗ್ಗೆ ತೆಗೆಯುವುದು ಮರೆತರೆ ಬಿಸಿಲಿಗೆ ಒಳಗೇ ಬೆಂದುಹೋಗುತ್ತದೆ, ಅದು ಜೋಪಾನ. ನಡುವೆ ಟಾರ್ಚ್ ಹಾಕಿ ಮೊಗ್ಗು ಬಂತಾ ಅಂತ ನೋಡಬೇಡಿ. ಮೊಗ್ಗು ಬಣ್ಣ ಕಟ್ಟುವ ತನಕ ಇದನ್ನು ಬಿಡಬೇಡಿ. ಈಗ ಕುಡಿ ಚಿವುಟಲೂ ಬೇಡಿ.

ಎಲೆಪಾಠ, ಧಾರವಾಡ

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಹೊಲದವರು ಹೇಳಿದ್ದು ಪೂರ್ತಿ ಸರಿ. ಅದರ ಹಿಂದಿನ ಕಾರಣ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಸೇವಂತಿಗೆಯೊಂದರ ಮಾತಲ್ಲ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ಒಂದು ಹೊಗೆಸೊಪ್ಪಿನ ತಳಿಯ ವಿಷಯ ಬರೆದರು. ಅದು ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂವು ಮಾತ್ರ ಇಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟರೆ ಹೂವು. ಗೊಬ್ಬರ, ನೀರು, ಶಾಖ ಎಲ್ಲ ನೋಡಿ ಸೋತ ಮೇಲೆ, ಬೇಸಿಗೆಯ ಸಂಜೆಯೇ ಗಿಡವನ್ನು ಕತ್ತಲೆಯ ಗೂಡಿಗೆ ತಳ್ಳಿದರು. ಹೂವು ಬಂತು. ಗಿಡ ಹಗಲಿನ ಉದ್ದ ಅಳೆಯುತ್ತದೆ ಅಂತ ಗೊತ್ತಾಯಿತು.

1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಇಟ್ಟರು. ಬಟ್ಟೆಗೆ ಅಂಟುವ ಮುಳ್ಳುಕಾಯಿ ಬಿಡುವ ಒಂದು ಕಳೆಗಿಡ ಅವರದು. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರು, ಗಿಡ ಹೂವು ಬಿಡಲಿಲ್ಲ. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರು, ಏನೂ ವ್ಯತ್ಯಾಸ ಆಗಲಿಲ್ಲ. ಅಂದರೆ ಇಂಥ ಗಿಡಗಳು ಎಣಿಸುವುದು ಮುರಿಯದ ರಾತ್ರಿಯನ್ನು.

ಎಣಿಸುವುದು ಎಲೆ. ಎಲೆಯಲ್ಲಿ ಫೈಟೋಕ್ರೋಮ್ ಅನ್ನುವ ಒಂದು ಪ್ರೋಟೀನ್ ಇದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ. ಕತ್ತಲೆಯಲ್ಲಿ ನಿಧಾನವಾಗಿ ಹಳೆಯ ರೂಪಕ್ಕೆ ಬರುತ್ತದೆ. ಬೀದಿಯ ಬಿಳಿ ದೀಪದಲ್ಲೂ ಕೆಂಪು ಬೆಳಕಿನ ಪಾಲು ಇದೆ. ನಮಗೆ ಅದು ಮಂದ ಅನಿಸಬಹುದು, ಎಲೆಗೆ ಹಾಗಲ್ಲ. ಬೆಳಕನ್ನು ಅಳೆಯುವ ಮಾನ ಲಕ್ಸ್. ಹುಣ್ಣಿಮೆಯ ಬೆಳಕು ಸುಮಾರು ಕಾಲು ಲಕ್ಸ್. ಬೀದಿದೀಪದ ಕೆಳಗೆ 10, 20 ಲಕ್ಸ್ ಇರುವುದು ಸಾಮಾನ್ಯ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟು ಸಣ್ಣ ವ್ಯತ್ಯಾಸವನ್ನು ಓದಿ ಗಿಡ ಕಾಲ ತಿಳಿಯುತ್ತದೆ. ರಾತ್ರಿಯಿಡೀ ದೀಪ ಉರಿದರೆ ಆ ಓದು ಅಳಿಸಿಹೋಗುತ್ತದೆ.

ಇನ್ನು ಸೆಕೆ. ರಾತ್ರಿ ತುಂಬ ಬಿಸಿ ಇದ್ದರೆ ಸೇವಂತಿಗೆ ಮೊಗ್ಗು ತಡವಾಗುವುದು ನಿಜ. ಆದರೆ ಅಕ್ಟೋಬರ್‌ನಲ್ಲಿ ಬೆಂಗಳೂರಿನ ರಾತ್ರಿ ಸುಮಾರು 19 ಡಿಗ್ರಿಗೆ ಇಳಿಯುತ್ತದೆ, ಅದು ಗಿಡಕ್ಕೆ ಹಿತವೇ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಟ್ಯಾಂಕಿನ ಹಿಂದಿನ ಕುಂಡ. ಸೆಕೆ ಅದಕ್ಕೂ ಒಂದೇ, ಗೊಬ್ಬರವೂ ಒಂದೇ. ನೀರಿನ ಹನಿ ಮತ್ತು ಕತ್ತಲೆ, ಇವೆರಡೇ ಬೇರೆ. ನೀರು ಕೊಟ್ಟು ನೋಡಿದ್ದೀರಿ, ಆಗಲಿಲ್ಲ. ನೀವೇ ಅರ್ಧ ಪ್ರಯೋಗ ಮುಗಿಸಿದ್ದೀರಿ. ಒಂದು ಬೇಡಿಕೆ ಇದೆ. ಆರನ್ನೂ ಮುಚ್ಚಬೇಡಿ. ಎರಡು ಮೂರನ್ನು ಹಾಗೇ ಬಿಡಿ, ಆಗ ನಮಗೆ ಖಚಿತವಾಗುತ್ತದೆ.

ಹೊಂಗೆ ನೆರಳು, ಬಸವನಗುಡಿ

ತಾಯಿ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಹೂವಿನ ಗಿಡದ ವಿಷಯ ಗೊತ್ತಿಲ್ಲ. ಆದರೆ ನಮ್ಮ ಗೇಟಿನ ಎದುರಿಗೆ ಮೂರು ಹೊಂಗೆ ಮರ ಇವೆ. 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಗಿಡ ನೆಟ್ಟರಲ್ಲ, ಆ ಕಾಲದ ಮರಗಳು. ಚಿಕ್ಕವಿದ್ದಾಗ ನಮ್ಮ ಮನೆಯ ನೀರನ್ನೇ ಹಾಕಿದ್ದು.

1991ರಿಂದ ನಾನು ಗೋಡೆ ಕ್ಯಾಲೆಂಡರಿನಲ್ಲಿ ಆ ಮೂರು ಮರಗಳ ಲೆಕ್ಕ ಬರೆಯುತ್ತೇನೆ. ಎಲೆ ಉದುರಲು ಶುರುವಾದ ದಿನ, ಮರ ಬೋಳಾದ ದಿನ, ಮೊದಲ ಚಿಗುರು ಕಂಡ ದಿನ. ನನ್ನ ಮನೆಯವರು ಹಾಲಿನ ಲೆಕ್ಕ ಬರೆಯುತ್ತಿದ್ದರು, ಅದರ ಕೆಳಗೆ ನನ್ನ ಹೊಂಗೆ ಲೆಕ್ಕ. ಅವರು ಹೋಗಿ ಆರು ವರ್ಷ ಆಯಿತು. ಕ್ಯಾಲೆಂಡರುಗಳು ಎಲ್ಲ ಇವೆ.

ಸಂಕ್ರಾಂತಿ ಕಳೆದ ಮೇಲೆ ಹೊಂಗೆ ಎಲೆ ಉದುರಿಸುತ್ತದೆ. ಶಿವರಾತ್ರಿ ದಾಟಿದ ಮೇಲೆ ಚಿಗುರು. ಆ ಎಳೆ ಹಸಿರು ಬಂತು ಅಂದರೆ ಯುಗಾದಿ ಬಂತು ಅಂತ ಅರ್ಥ. ಮೂರೂ ಮರ ಹೆಚ್ಚು ಕಡಿಮೆ ಒಟ್ಟಿಗೇ ಬೋಳಾಗುತ್ತಿದ್ದವು. ಕೆಲವು ವರ್ಷದಿಂದ ನಡುವಿನ ಮರ ಹಾಗಿಲ್ಲ. ಅದರ ಕೊಂಬೆಗಳ ಮಧ್ಯೆ ದೀಪದ ಕಂಬ ಇದೆ. ದೀಪದ ಸುತ್ತ ಒಂದು ದೊಡ್ಡ ಕೊಡೆಯಷ್ಟು ಜಾಗದಲ್ಲಿ ಹಳೆಯ ಎಲೆ ಹಾಗೇ ನಿಲ್ಲುತ್ತದೆ. ಉಳಿದ ಮರ ಪೂರ್ತಿ ಬೋಳು, ಅಷ್ಟು ಭಾಗ ಮಾತ್ರ ಕಪ್ಪು ಹಸಿರು. ಉಳಿದ ಕೊಂಬೆಗಳಲ್ಲಿ ಚಿಗುರು ಮಿರಮಿರ ಮಿಂಚುವಾಗ ಅಲ್ಲಿ ಧೂಳು ಹಿಡಿದ ಹಳೆಯ ಎಲೆ. ಹಕ್ಕಿ ಗೂಡು ಇದೆಯೇನೋ, ರೋಗವೇನೋ ಅಂತ ಎಷ್ಟೋ ಸಲ ಕುರ್ಚಿ ಹಾಕಿಕೊಂಡು ನೋಡಿದ್ದೇನೆ. ದೀಪ ಅಂತ ಹೊಳೆದೇ ಇರಲಿಲ್ಲ. ಇದು ನಿಜವಾ ಮೇಷ್ಟ್ರೇ?

ಇನ್ನೊಂದು ವಿಷಯ. ಮೂರನೇ ಮರದ ಬುಡಕ್ಕೆ ಕಾಂಡಕ್ಕೆ ತಾಗುವ ಹಾಗೆ ಕಾಂಕ್ರೀಟ್ ಹಾಕಿದ್ದಾರೆ. ಅದು ಈಗ ಉಳಿದೆರಡಕ್ಕಿಂತ ಎರಡು ವಾರ ಮೊದಲೇ ಎಲೆ ಕಳಚುತ್ತದೆ. ಚಿಗುರೂ ಸಣ್ಣದು.

ಎಲೆಪಾಠ

ಸರ್, ನಿಮ್ಮ ಕ್ಯಾಲೆಂಡರುಗಳನ್ನು ದಯವಿಟ್ಟು ಜೋಪಾನ ಮಾಡಿ. ಒಂದೇ ಮರವನ್ನು ಒಬ್ಬರೇ ಮೂವತ್ತು ವರ್ಷ ನೋಡಿ ಬರೆದದ್ದು ನಮ್ಮ ದೇಶದಲ್ಲಿ ತುಂಬ ಅಪರೂಪ.

ನೀವು ನೋಡಿದ್ದನ್ನೇ 1936ರಲ್ಲಿ ನ್ಯೂಯಾರ್ಕಿನಲ್ಲಿ ಮಾಟ್ಸ್ಕಿ ಅನ್ನುವವರು ಬರೆದಿದ್ದಾರೆ. ಬೀದಿದೀಪದ ಹತ್ತಿರದ ಕೊಂಬೆಗಳಲ್ಲಿ ಎಲೆ ತಡವಾಗಿ ಉದುರುತ್ತದೆ ಅಂತ. ವಸಂತದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಬ್ರಿಟನ್ನಿನಲ್ಲಿ ಜನ ತಮ್ಮ ಊರಿನ ಮರ ಚಿಗುರಿದ ದಿನ ಬರೆದು ಕಳಿಸುತ್ತಿದ್ದರು. ಅದನ್ನೂ ಉಪಗ್ರಹ ತೆಗೆದ ರಾತ್ರಿಯ ಚಿತ್ರಗಳನ್ನೂ ಹೊಂದಿಸಿ ನೋಡಿದಾಗ, ಬೆಳಕು ಜಾಸ್ತಿ ಇರುವ ಕಡೆ ಮೊಗ್ಗು ಒಡೆಯುವುದು ಏಳೂವರೆ ದಿನದವರೆಗೆ ಮೊದಲಾಗಿತ್ತು. ಇದು 2016ರಲ್ಲಿ ಬಂದ ಲೆಕ್ಕ. ನಿಮ್ಮಂಥವರು ಬರೆದದ್ದರಿಂದಲೇ ಅದು ಸಾಧ್ಯವಾದದ್ದು. ನಮ್ಮಲ್ಲೂ ಸೀಸನ್‌ವಾಚ್ ಅಂತ ಇದೆ, ಜನಸಾಮಾನ್ಯರೇ ವಾರಕ್ಕೊಮ್ಮೆ ಮರ ನೋಡಿ ಎಲೆ, ಹೂವು, ಕಾಯಿ ಬರೆದು ಸೇರಿಸುವುದು. ನಿಮ್ಮ ಮೂರು ಮರಗಳನ್ನು ಅಲ್ಲಿ ಸೇರಿಸಿ.

ಮೂರನೇ ಮರದ ಕತೆ ಬೇರೆ, ಅದಕ್ಕೆ ದೀಪ ಕಾರಣ ಅಲ್ಲ. ಚಳಿ ದೇಶಗಳಲ್ಲಿ ನಗರದ ಬಿಸಿಯೇ ದೊಡ್ಡ ವಿಷಯ. ಡಾಂಬರು, ಕಾಂಕ್ರೀಟು ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತವೆ. ಚಳಿ ಬೇಗ ಕಳೆಯುತ್ತದೆ, ಮರ ಬೇಗ ಚಿಗುರುತ್ತದೆ. ನಮ್ಮ ಕಡೆ ಮರಗಳಿಗೆ ಚಳಿಗಿಂತ ನೀರಿನ ಲೆಕ್ಕ ಮುಖ್ಯ. ಬುಡ ಮುಚ್ಚಿದರೆ ಹಿಂಗಾರು ಮಳೆ ಬೇರಿಗೆ ಇಳಿಯುವುದಿಲ್ಲ. ಮರಕ್ಕೆ ಬೇಸಿಗೆ ಬೇಗ ಬಂದಂತೆ. ಎಲೆ ಇಟ್ಟುಕೊಂಡರೆ ನೀರು ಹೋಗುತ್ತದೆ, ಅದಕ್ಕೆ ಬೇಗ ಕಳಚುತ್ತದೆ. ಒಂದೇ ಬೀದಿಯಲ್ಲಿ ಟಬೆಬುಯಾ ಮರಗಳು ಹಿಂದೆ ಮುಂದೆ ಹೂವಾಗುವುದನ್ನು ನೋಡಿರುತ್ತೀರಿ. ಒಂದರ ಬುಡದಲ್ಲಿ ಪೈಪು ಸೋರುತ್ತಿರುತ್ತದೆ, ಇನ್ನೊಂದರದು ಒಣ ಕಾಂಕ್ರೀಟು. ಅವು ಒಣಹವೆಯ ಸುಳಿವು ಹಿಡಿದು ಹೂವಾಗುವ ಮರಗಳು.

ಸಾಧ್ಯವಾದರೆ ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟು, ಆ ಮರದ ಸುತ್ತ ಮೂರಡಿ ಕಾಂಕ್ರೀಟ್ ತೆಗೆಸಿ. ಮಳೆಗಾಲಕ್ಕೆ ಮೊದಲೇ ಆಗಬೇಕು.

ತಾರಸಿ ಸೇವಂತಿ (ಡಿಸೆಂಬರ್ 31)

ಹೊಲದ ಅಣ್ಣ ಹೇಳಿದ ಹಾಗೆ ಡಿಸೆಂಬರ್ 4ರಿಂದ ಮೂರು ಕುಂಡ ಮುಚ್ಚುತ್ತಿದ್ದೇನೆ. ಫ್ರಿಜ್ ಬಂದ ಪೆಟ್ಟಿಗೆ ಕತ್ತರಿಸಿ ಮೂರು ಗೂಡು ಮಾಡಿದೆ, ಮೇಲೆ ಹಳೆಯ ಕಪ್ಪು ಛತ್ರಿ ಬಟ್ಟೆ. ಒಂದು ಸಂಜೆಯೂ ತಪ್ಪಿಸಿಲ್ಲ. ಮದುವೆಗೆ ಹೋದ ದಿನ ಪಕ್ಕದ ಮನೆಯ ಹುಡುಗ ಬಂದು ಮುಚ್ಚಿದ. ಇನ್ನೆರಡು ಕುಂಡ ಟ್ಯಾಂಕಿನ ಹಿಂದಕ್ಕೆ ಸರಿಸಿದೆ, ಅಲ್ಲಿಗೆ ಬಿಸಿಲು ಅರ್ಧ ದಿನ ಮಾತ್ರ. ಒಂದನ್ನು ದೀಪಕ್ಕೇ ಬಿಟ್ಟಿದ್ದೇನೆ. ಮೇಷ್ಟ್ರು ಎರಡು ಮೂರು ಅಂದಿದ್ದರು, ನನಗೆ ಮನಸ್ಸು ಬರಲಿಲ್ಲ, ಕ್ಷಮಿಸಿ.

ಇವತ್ತು ಬೆಳಗ್ಗೆ ಪೆಟ್ಟಿಗೆ ತೆಗೆದಾಗ ಮೂರರಲ್ಲೂ ಕುಡಿಯಲ್ಲಿ ಹೆಸರುಕಾಳಿನಷ್ಟು ಮೊಗ್ಗು. ಸರಿಸಿದ ಎರಡರಲ್ಲೂ ಇದೆ, ಸ್ವಲ್ಪ ಚಿಕ್ಕದು. ದೀಪದ ಕೆಳಗಿನದು ಇನ್ನೆರಡು ಎಲೆ ಬಿಟ್ಟಿದೆ, ಅಷ್ಟೇ.

ಹೂವಿನ ಹೊಲ

ಬಣ್ಣ ಬರುವ ತನಕ ಮುಚ್ಚುವುದು ನಿಲ್ಲಿಸಬೇಡಿ ಅಕ್ಕ. ಈಗ ಹೇನು ಬರುವ ಸಮಯ. ಮೊಗ್ಗಿನ ಬುಡ ನೋಡುತ್ತಾ ಇರಿ, ಕಂಡರೆ ಬೇವಿನೆಣ್ಣೆ ಸೋಪಿನ ನೀರಲ್ಲಿ ಕಲಸಿ ಸಂಜೆ ಹೊತ್ತು ಹೊಡೆಯಿರಿ.

ಹೊಂಗೆ ನೆರಳು

ತುಂಬಾ ಸಂತೋಷ ತಾಯಿ. ಈ ಬೀದಿಯವರು ಒಂಬತ್ತು ಮಂದಿ ಅರ್ಜಿಗೆ ಸಹಿ ಹಾಕಿದ್ದಾರೆ. ದೀಪಕ್ಕೆ ಮರದ ಕಡೆ ಒಂದು ತಗಡಿನ ಮರೆ ಹಾಕಿಸಿ ಅಂತಲೂ ಸೇರಿಸಿದ್ದೇವೆ. ನೀವೂ ಕೇಳಿ.

ತಾರಸಿ ಸೇವಂತಿ (ಫೆಬ್ರವರಿ 6)

ಹೂವು ಬಂತು. ಮುಚ್ಚಿದ ಮೂರು ಕುಂಡ ಮೊದಲು, ಐದು ದಿನ ಬಿಟ್ಟು ಟ್ಯಾಂಕಿನ ಹಿಂದಿನವು. ದೀಪದ ಕೆಳಗಿನ ಕುಂಡದಲ್ಲಿ ಇವತ್ತಿಗೂ ಒಂದು ಮೊಗ್ಗು ಇಲ್ಲ. ಅದನ್ನೂ ನಿನ್ನೆ ಹಿಂದಕ್ಕೆ ಸರಿಸಿದೆ.

ಹಿರಿಯರು ಹೇಳಿದಂತೆ ತಗಡಿನ ಮರೆಗೆ ನಾನೂ ಅರ್ಜಿ ಕೊಟ್ಟಿದ್ದೇನೆ. ದೀಪ ತೆಗೆಯಿರಿ ಅಂತ ಕೇಳಲಿಲ್ಲ. ನನ್ನ ಮಗಳು ಕೆಲಸ ಮುಗಿಸಿ ರಾತ್ರಿ 9.30ಕ್ಕೆ ಆ ರಸ್ತೆಯಲ್ಲಿ ನಡೆದು ಬರುತ್ತಾಳೆ. ಬೆಳಕು ರಸ್ತೆಗೆ ಬೇಕು, ನಮ್ಮ ತಾರಸಿಗೆ, ಮರಕ್ಕೆ ಬೇಡ. ಕಡಿದ ಹೊಂಗೆ ಕೊಂಬೆಯ ಮೊಂಡಿನಲ್ಲಿ ಏಳೆಂಟು ಚಿಗುರು ಬಂದಿವೆ, ಅವು ದೀಪ ಮುಟ್ಟಲು ಇನ್ನೂ ಎರಡು ವರ್ಷ ಬೇಕೇನೋ. ಅಲ್ಲಿಯವರೆಗೆ ಆಗಸ್ಟ್ ಬಂದ ಕೂಡಲೇ ಏಳೂ ಕುಂಡ ಟ್ಯಾಂಕಿನ ಹಿಂದೆ.

ಭಾನುವಾರ ಒಂದು ಬೊಗಸೆ ಹೂವು ಕಿತ್ತು ತವರಿಗೆ ಹೋಗಿದ್ದೆ. ಮಾಘದಲ್ಲಿ ಈ ಹೂವು ನೋಡಿ ಅಮ್ಮನಿಗೆ ಆಶ್ಚರ್ಯ. ದೀಪದ ವಿಷಯ ಪೂರ್ತಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಿನ್ನ ತಮ್ಮ ಹುಟ್ಟಿದ ವರ್ಷ ಹಸು ಕರು ಹಾಕುವುದಿತ್ತು. ರಾತ್ರಿ ಎದ್ದು ನೋಡಬೇಕು ಅಂತ ನಿಮ್ಮಪ್ಪ ಹಿತ್ತಲಿಗೆ ಬಲ್ಬ್ ಹಾಕಿಸಿದರು. ಆಮೇಲೆ ಅದನ್ನು ಯಾರೂ ಆರಿಸಲಿಲ್ಲ. ಆ ದೀಪಾವಳಿಗೆ ಬಾವಿಯ ಕಡೆ ಒಂದು ಹೂವೂ ಇರಲಿಲ್ಲ, ಗೋಡೆಯ ಆಚೆ ಮಾತ್ರ ಇತ್ತು. ನಾನು ಬಾಣಂತಿ, ನೀರು ಹಾಕಲಿಲ್ಲ ಅಂತ ಗಿಡ ಮುನಿಸಿಕೊಂಡಿದೆ ಅಂದುಕೊಂಡಿದ್ದೆ."